ಉಪವಿಷಯವಾಗಿ ಶಿಕ್ಷಣಶಾಸ್ತ್ರ: ಅದರ ಸ್ವರೂಪ ಮತ್ತು ಪ್ರಯೋಜನ

ಪದವಿ ತರಗತಿಯ ವಿದ್ಯಾರ್ಥಿಯೊಬ್ಬನು ಇತಿಹಾಸವನ್ನೋ ಗಣಿತವನ್ನೋ ಪ್ರಧಾನ ವಿಷಯವಾಗಿ ಆರಿಸಿಕೊಂಡು, ಅದರೊಡನೆ ಶಿಕ್ಷಣಶಾಸ್ತ್ರವನ್ನು ಉಪವಿಷಯವಾಗಿ ಓದಿದನೆನ್ನೋಣ. ಅವನು ಏನನ್ನು ಓದಿದಂತಾಯಿತು? ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಎರಡು ಬಗೆಯದು. ಉಪಾಧ್ಯಾಯವೃತ್ತಿಗೆ ಬೇಕಾದ ಸಿದ್ಧತೆಯಲ್ಲಿ ಅರ್ಧ ಮುಗಿಯಿತು ಎಂಬುದು ಒಂದು. ಹೆಚ್ಚಿನ ಶ್ರಮವಿಲ್ಲದೆ ಅಂಕಗಳು ದೊರೆತವು ಎಂಬುದು ಇನ್ನೊಂದು. ಈ ಎರಡು ಉತ್ತರಗಳೂ ವಿಷಯದ ಸ್ವರೂಪವನ್ನು ಮರೆಮಾಡುತ್ತವೆ. ಶಿಕ್ಷಣಶಾಸ್ತ್ರವು ಇತರ ಶಾಸ್ತ್ರಗಳ ಪಕ್ಕದಲ್ಲಿ ನಿಲ್ಲುವ ಇನ್ನೊಂದು ಶಾಸ್ತ್ರ ಎನ್ನುವುದಕ್ಕಿಂತ, ಹಲವು ಶಾಸ್ತ್ರಗಳು ಕೂಡಿಬಂದು ಒಂದು ಪ್ರಶ್ನೆಯನ್ನು ವಿಚಾರಿಸುವ ಕ್ಷೇತ್ರ ಎಂದರೆ ಹೆಚ್ಚು ಸರಿಯಾದೀತು. ಈ ಮಾತಿನ ಅರ್ಥವನ್ನು ಒಂದು ನಿದರ್ಶನದ ಮೂಲಕ ಸ್ಪಷ್ಟಪಡಿಸುವುದು ಪ್ರಕೃತ ಲೇಖನದ ಉದ್ದೇಶ.

1. ಉಪವಿಷಯವೆಂದರೇನು?

ವ್ಯವಹಾರದಲ್ಲಿ ಮೈನರ್ ಎಂದು ಕರೆಯಲ್ಪಡುವ ಉಪವಿಷಯಕ್ಕೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಪಠ್ಯಕ್ರಮದ ಚೌಕಟ್ಟಿನಲ್ಲಿ ಖಚಿತವಾದ ಸ್ಥಾನ ದೊರೆತಿದೆ. ಮೂರು ವರ್ಷದ ಪದವಿಗೆ ಬೇಕಾದ 120 ಕ್ರೆಡಿಟುಗಳಲ್ಲಿ 24, ನಾಲ್ಕು ವರ್ಷದ ಪದವಿಗೆ ಬೇಕಾದ 160ರಲ್ಲಿ 32, ಉಪವಿಷಯಕ್ಕೆ ಮೀಸಲು. ಕರ್ನಾಟಕದಲ್ಲಿ 2021–22ರಿಂದ ನಾಲ್ಕು ವರ್ಷದ ವ್ಯವಸ್ಥೆಯು ಜಾರಿಗೆ ಬಂದು, 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಹಿಂದಿರುಗಿದುದು ವಾಚಕರಿಗೆ ವಿದಿತವಾಗಿದೆ. ವ್ಯವಸ್ಥೆಗಳು ಹೀಗೆ ಬದಲಾಗುತ್ತಿರುವಾಗ, ಒಂದು ವಿಷಯವನ್ನು ಪಠ್ಯಕ್ರಮದ ಯಾವ ಪಟ್ಟಿಯಲ್ಲಿ ಸೇರಿಸಬೇಕು ಎಂಬುದಕ್ಕಿಂತ ಅದನ್ನು ಏತಕ್ಕಾಗಿ ಓದಬೇಕು ಎಂಬುದೇ ಮುಖ್ಯವಾಗುತ್ತದೆ.

ಒಂದು ಭ್ರಮೆಯನ್ನು ಆರಂಭದಲ್ಲಿಯೇ ಪರಿಹರಿಸಿಕೊಳ್ಳುವುದು ಯುಕ್ತ. ಈ ಉಪವಿಷಯವನ್ನು ಓದಿದ ಮಾತ್ರದಿಂದ ಶಾಲೆಯಲ್ಲಿ ಪಾಠ ಹೇಳುವ ಅರ್ಹತೆ ಬರುವುದಿಲ್ಲ. ಆ ಅರ್ಹತೆಯನ್ನು ಗೊತ್ತುಪಡಿಸತಕ್ಕದ್ದು 1993ರ ಕಾಯಿದೆಯ ಮೇರೆಗೆ ಏರ್ಪಟ್ಟ ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತು. ಬಿ.ಎಡ್. ಮೊದಲಾದ ವೃತ್ತಿಶಿಕ್ಷಣದ ಗುರಿ ಪಾಠ ಹೇಳುವ ಕೌಶಲ. ಉಪವಿಷಯದ ಗುರಿ ಪಾಠಶಾಲೆಯೆಂಬ ಸಂಸ್ಥೆಯನ್ನು ಅರ್ಥಮಾಡಿಕೊಳ್ಳುವುದು. ನ್ಯಾಯಶಾಸ್ತ್ರವನ್ನು ಓದುವವರೆಲ್ಲರೂ ವಕೀಲರಾಗುವುದಿಲ್ಲ. ಆದರೂ ಆ ಓದು ವ್ಯರ್ಥವೆಂದು ಯಾರೂ ಹೇಳುವುದಿಲ್ಲ.

2. ವಿಶ್ವವಿದ್ಯಾನಿಲಯದಲ್ಲಿ ಶಿಕ್ಷಣಶಾಸ್ತ್ರ ಬೆಳೆದು ಬಂದ ಬಗೆ

ಈ ವಿಷಯವು ಹುಟ್ಟಿನಿಂದಲೇ ಇತರ ಶಾಸ್ತ್ರಗಳ ನೆರೆಯಲ್ಲಿ ಬೆಳೆದುದು ಗಮನಾರ್ಹ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಕೋನಿಗ್ಸ್‌ಬರ್ಗಿನ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು ಸರದಿಯಂತೆ ಶಿಕ್ಷಣವನ್ನು ಕುರಿತು ಉಪನ್ಯಾಸ ಮಾಡುತ್ತಿದ್ದರು. ಕಾಂಟನು ತನ್ನ ಸರದಿಯಲ್ಲಿ ಮಾಡಿದ ಉಪನ್ಯಾಸಗಳು 1803ರಲ್ಲಿ ಪ್ರಕಟವಾದವು. 1809ರಲ್ಲಿ ಅದೇ ವಿಶ್ವವಿದ್ಯಾನಿಲಯಕ್ಕೆ ಬಂದ ಹರ್ಬಾರ್ಟನು ನೀತಿಶಾಸ್ತ್ರದಿಂದ ಶಿಕ್ಷಣದ ಗುರಿಯನ್ನೂ ಮನಶ್ಶಾಸ್ತ್ರದಿಂದ ಅದರ ಮಾರ್ಗವನ್ನೂ ಪಡೆಯಬೇಕೆಂದು ಪ್ರತಿಪಾದಿಸಿದನು. 1876ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಮತ್ತು ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯಗಳಲ್ಲಿ ಶಿಕ್ಷಣಶಾಸ್ತ್ರದ ಪೀಠಗಳು ಸ್ಥಾಪಿತವಾದವು. 1894ರಲ್ಲಿ ಚಿಕಾಗೋಗೆ ಬಂದ ಜಾನ್ ಡ್ಯೂಯಿಯ ವಿಭಾಗದಲ್ಲಿ ತತ್ತ್ವಶಾಸ್ತ್ರ, ಮನಶ್ಶಾಸ್ತ್ರ, ಶಿಕ್ಷಣಶಾಸ್ತ್ರ ಮೂರೂ ಒಂದುಗೂಡಿದ್ದವು. ಎರಡು ವರ್ಷಗಳ ತರುವಾಯ ಅವನು ಸ್ಥಾಪಿಸಿದ ಶಾಲೆಯೇ ಆ ಮೂರಕ್ಕೂ ಪ್ರಯೋಗಶಾಲೆಯಾಯಿತು. ಫ್ರಾನ್ಸಿನಲ್ಲಿ ಸಮಾಜಶಾಸ್ತ್ರಕ್ಕೆ ಅಡಿಪಾಯ ಹಾಕಿದ ಡರ್ಖೈಮನು 1902ರಲ್ಲಿ ಸೋರ್ಬಾನಿಗೆ ಬಂದದ್ದು ಶಿಕ್ಷಣಶಾಸ್ತ್ರವನ್ನು ಬೋಧಿಸುವುದಕ್ಕಾಗಿಯೇ.

ನಮ್ಮ ದೇಶದಲ್ಲಾದರೋ ಈ ವಿಷಯವು ಬಹುಕಾಲ ತರಬೇತಿ ಕಾಲೇಜುಗಳ ಗೋಡೆಗಳೊಳಗೇ ಉಳಿಯಿತು. 1964–66ರ ಕೊಠಾರಿ ಆಯೋಗವು ಈ ಪ್ರತ್ಯೇಕತೆಯನ್ನು ದೋಷವೆಂದು ಎಣಿಸಿ, ಶಿಕ್ಷಣವನ್ನು ಸ್ವತಂತ್ರ ಜ್ಞಾನಶಾಖೆಯೆಂದು ಮನ್ನಿಸಿ ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ಐಚ್ಛಿಕ ವಿಷಯವಾಗಿ ಬೋಧಿಸಬೇಕೆಂದು ಸಲಹೆಮಾಡಿತು. ವಿಷಯಜ್ಞಾನವನ್ನೂ ಬೋಧನಜ್ಞಾನವನ್ನೂ ಒಂದೇ ಪದವಿಯಲ್ಲಿ ಹೆಣೆಯುವ ಪ್ರಯತ್ನ 1963ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯದಲ್ಲಿ ನಡೆದಿತ್ತು. ಆದರೆ ಅದರ ಗುರಿ ಅಧ್ಯಾಪಕರನ್ನು ಸಿದ್ಧಗೊಳಿಸುವುದು. ಆಯೋಗದ ಸಲಹೆಯ ವ್ಯಾಪ್ತಿ ಅದಕ್ಕಿಂತ ಹಿರಿದು.

3. ಒಂದು ಪ್ರಶ್ನೆ, ಹಲವು ಶಾಸ್ತ್ರಗಳು

ಈಗ ನಿದರ್ಶನಕ್ಕೆ ಬರೋಣ. ಪ್ರಾಥಮಿಕ ಶಾಲೆಯಲ್ಲಿ ಮಗುವಿಗೆ ಯಾವ ಭಾಷೆಯಲ್ಲಿ ಪಾಠ ಹೇಳಬೇಕು? ಕನ್ನಡಿಗರಿಗೆ ಇದಕ್ಕಿಂತ ಪರಿಚಿತವಾದ, ಇದಕ್ಕಿಂತ ಕಾವೇರಿದ ಪ್ರಶ್ನೆ ಇನ್ನೊಂದಿಲ್ಲ. ಇದಕ್ಕೆ ಒಂದೊಂದು ಶಾಸ್ತ್ರವೂ ಕೊಡುವ ಉತ್ತರವನ್ನು ಕ್ರಮವಾಗಿ ಪರಿಶೀಲಿಸಬಹುದು.

ಮೊದಲು ಇತಿಹಾಸ. 1835ರ ಮೆಕಾಲೆಯ ಟಿಪ್ಪಣಿಯಿಂದ ದೇಶಭಾಷೆಗಳು ಶಾಲೆಯಿಂದ ಹೊರಬಿದ್ದವೆಂಬ ನಂಬಿಕೆ ನಮ್ಮಲ್ಲಿ ರೂಢವಾಗಿದೆ. ದಾಖಲೆಗಳು ಇಷ್ಟು ಸರಳವಾದ ಕಥೆಯನ್ನು ಹೇಳುವುದಿಲ್ಲ. 1854ರ ವುಡ್‌ನ ಶಿಕ್ಷಣಪತ್ರವು ಉನ್ನತ ಶಿಕ್ಷಣಕ್ಕೆ ಇಂಗ್ಲಿಷನ್ನೂ ಜನಸಾಮಾನ್ಯರ ಶಿಕ್ಷಣಕ್ಕೆ ದೇಶಭಾಷೆಗಳನ್ನೂ ವಿಧಿಸಿತು. ಮೈಸೂರು ಸಂಸ್ಥಾನದಲ್ಲಿ 1868ರಲ್ಲಿ ಲೂಯಿ ರೈಸ್ ಅವರ ಯೋಜನೆಯಂತೆ ಹೋಬಳಿ ಶಾಲೆಗಳು ಆರಂಭವಾದವು. ಅದೇ ಕಾಲದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ ಭಾಗಗಳಲ್ಲಿ ಕನ್ನಡ ಮಕ್ಕಳು ಮರಾಠಿ ಶಾಲೆಗಳಲ್ಲಿ ಓದುತ್ತಿದ್ದರು. ಅಲ್ಲಿ ಕನ್ನಡ ಶಾಲೆಗಳನ್ನು ನೆಲೆಗೊಳಿಸಲು ಡೆಪ್ಯೂಟಿ ಚೆನ್ನಬಸಪ್ಪನವರು ಶ್ರಮಿಸಿದರು. ಆ ಹೋರಾಟದಲ್ಲಿ ಎದುರಿಗಿದ್ದುದು ಇಂಗ್ಲಿಷಲ್ಲ. ಮಾಧ್ಯಮದ ಪ್ರಶ್ನೆಯು ಎಲ್ಲ ಕಾಲಕ್ಕೂ ಎಲ್ಲ ಪ್ರದೇಶಕ್ಕೂ ಒಂದೇ ಆಗಿರಲಿಲ್ಲವೆಂದು ಇತಿಹಾಸವು ತಿಳಿಸಿಕೊಡುತ್ತದೆ.

ಎರಡನೆಯದು ಮನಶ್ಶಾಸ್ತ್ರ ಮತ್ತು ಭಾಷಾಶಾಸ್ತ್ರ. ಆಟಪಾಟಗಳಲ್ಲಿ ಬಳಸುವ ಭಾಷೆ ಬೇರೆ, ವಿಚಾರಮಾಡಲು ಬಳಸುವ ಭಾಷೆ ಬೇರೆ ಎಂಬ ಭೇದವನ್ನು ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ಮಂಡಿಸಿದರು. ಮೊದಲನೆಯದು ಬೇಗ ಬರುತ್ತದೆ. ಎರಡನೆಯದಕ್ಕೆ ಹಲವು ವರ್ಷಗಳು ಹಿಡಿಯುತ್ತವೆ. ಹೊಸ ಭಾಷೆಯಲ್ಲಿ ಸರಾಗವಾಗಿ ಮಾತನಾಡುವ ಮಗು ಅದೇ ಭಾಷೆಯ ಗಣಿತದ ಪುಸ್ತಕವನ್ನು ಅರ್ಥಮಾಡಿಕೊಳ್ಳದೆ ಹೋಗುವುದಕ್ಕೆ ಇದೊಂದು ಕಾರಣ. ನೈಜೀರಿಯಾದ ಇಫೆಯಲ್ಲಿ 1970ರಲ್ಲಿ ಆರಂಭವಾದ ಪ್ರಯೋಗವು ಆರು ವರ್ಷಗಳ ಪ್ರಾಥಮಿಕ ಶಿಕ್ಷಣವನ್ನು ಯೊರೂಬಾ ಭಾಷೆಯಲ್ಲಿ ನೀಡಿತು. ಇಂಗ್ಲಿಷನ್ನು ಒಂದು ವಿಷಯವಾಗಿ ಮಾತ್ರ ಕಲಿಸಿತು. ಆ ಮಕ್ಕಳು ಮಾಧ್ಯಮವನ್ನು ನಡುವೆ ಬದಲಿಸಿಕೊಂಡವರಿಗಿಂತ ಇಂಗ್ಲಿಷಿನಲ್ಲಿಯೂ ಹಿಂದೆ ಬೀಳಲಿಲ್ಲ. ಆದರೆ ಈ ಫಲದಲ್ಲಿ ಭಾಷೆಯ ಪಾಲೆಷ್ಟು, ಹೊಸ ಪುಸ್ತಕಗಳ ಮತ್ತು ಅಧ್ಯಾಪಕರ ಪಾಲೆಷ್ಟು ಎಂಬ ಪ್ರಶ್ನೆಯನ್ನು ಪ್ರಯೋಗವಿಧಾನವನ್ನು ಬಲ್ಲವನು ಕೇಳದೆ ಇರಲಾರನು.

ಮೂರನೆಯದು ಅರ್ಥಶಾಸ್ತ್ರ. ಶಿಕ್ಷಣಕ್ಕೆ ಮಾಡುವ ವೆಚ್ಚವು ಮಾನವನಲ್ಲಿ ಹೂಡಿದ ಬಂಡವಾಳವೆಂಬ ವಾದವನ್ನು ಥಿಯೋಡೋರ್ ಷುಲ್ಟ್ಜ್ 1960ರಲ್ಲಿ ವಿಶದಪಡಿಸಿದರು. ವಿದ್ಯೆಯು ಕೌಶಲವನ್ನು ಹೆಚ್ಚಿಸದಿದ್ದರೂ ಕೆಲಸ ಕೊಡುವವನಿಗೆ ಒಂದು ಗುರುತಾಗಿ ಒದಗಬಹುದೆಂದು ಮೈಕೆಲ್ ಸ್ಪೆನ್ಸ್ 1973ರಲ್ಲಿ ತೋರಿಸಿದರು. ತಂದೆತಾಯಿಗಳು ಸಾಲಮಾಡಿಯಾದರೂ ಮಗುವನ್ನು ಇಂಗ್ಲಿಷು ಶಾಲೆಗೆ ಕಳುಹಿಸುವುದನ್ನು ಈ ಎರಡು ವಾದಗಳ ಬೆಳಕಿನಲ್ಲಿ ನೋಡಬೇಕು. ಇಂಗ್ಲಿಷು ಕೌಶಲವಾಗಿ ಫಲಿಸುವುದಾದರೆ ಅದನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಿದರೆ ಸಾಕಾಗಬಹುದು. ಗುರುತಾಗಿ ಫಲಿಸುವುದಾದರೆ ತಂದೆತಾಯಿಗಳು ಬಯಸುವುದು ಶಾಲೆಯ ಹೆಸರನ್ನೇ ಹೊರತು ಭಾಷೆಯನ್ನಲ್ಲ. 2019–20ರಲ್ಲಿ ಕರ್ನಾಟಕ ಸರ್ಕಾರವು ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷು ಮಾಧ್ಯಮದ ವಿಭಾಗಗಳನ್ನು ತೆರೆಯಲು ಹೊರಟುದನ್ನು ಅಳೆಯಬೇಕಾದರೂ ಈ ವಿವೇಚನೆ ಅವಶ್ಯಕ.

ನಾಲ್ಕನೆಯದು ಸಮಾಜಶಾಸ್ತ್ರ. ಮನೆಯಲ್ಲಿ ಪಡೆದ ಭಾಷೆ, ಅಭಿರುಚಿ, ನಡೆನುಡಿಗಳು ಶಾಲೆಯಲ್ಲಿ ಬಂಡವಾಳದಂತೆ ಕೆಲಸಮಾಡುತ್ತವೆಂದು ಫ್ರಾನ್ಸಿನ ಪಿಯೆರ್ ಬೋರ್ದಿಯು ವಾದಿಸಿದರು. ನಮ್ಮ ಪರಿಸ್ಥಿತಿಗೆ ಈ ಮಾತು ಎರಡು ಅಲಗಿನ ಕತ್ತಿಯಂತೆ ಅನ್ವಯಿಸುತ್ತದೆ. ಮನೆಯಲ್ಲಿ ಇಂಗ್ಲಿಷಿಲ್ಲದ ಮಗುವಿಗೆ ಇಂಗ್ಲಿಷು ಶಾಲೆ ಕಷ್ಟವೆಂಬುದು ನಿಜ. ಹಾಗೆಯೇ ಮನೆಯಲ್ಲಿ ಲಂಬಾಣಿಯನ್ನೋ ತುಳುವನ್ನೋ ಆಡುವ ಮಗುವಿಗೆ ಗ್ರಾಂಥಿಕ ಕನ್ನಡವೂ ಕಲಿತು ಪಡೆಯಬೇಕಾದ ಭಾಷೆಯೇ. 2011ರ ಜನಗಣತಿಯಂತೆ ರಾಜ್ಯದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು ನೂರಕ್ಕೆ ಸುಮಾರು 66 ಮಂದಿ. ಮಾತೃಭಾಷೆಯ ಪರವಾದ ವಾದವೂ ಕನ್ನಡ ಮಾಧ್ಯಮದ ಪರವಾದ ವಾದವೂ ಒಂದೇ ಅಲ್ಲವೆಂಬುದು ಇದರಿಂದ ಸಿದ್ಧಪಡುತ್ತದೆ.

ಕಡೆಯದಾಗಿ ನ್ಯಾಯಶಾಸ್ತ್ರ. ಸಂವಿಧಾನದ 350ಎ ವಿಧಿಯು ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯವಿರಬೇಕೆನ್ನುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಸಾಧ್ಯವಾದಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಬೋಧಿಸಬೇಕೆನ್ನುತ್ತದೆ. ಕರ್ನಾಟಕ ಸರ್ಕಾರವು 1994ರ ಆಜ್ಞೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆಯನ್ನು ಅಥವಾ ಕನ್ನಡವನ್ನು ಮಾಧ್ಯಮವಾಗಿ ವಿಧಿಸಿತು. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನಪೀಠವು, ಮಾಧ್ಯಮದ ಆಯ್ಕೆಯು ವಾಕ್ ಸ್ವಾತಂತ್ರ್ಯದೊಳಗೆ ಸೇರಿದುದರಿಂದ ಸರ್ಕಾರವು ಮಾತೃಭಾಷೆಯನ್ನು ಬಲವಂತವಾಗಿ ವಿಧಿಸಲಾಗದೆಂದು ತೀರ್ಪಿತ್ತಿತು. ಯಾವ ಭಾಷೆಯಲ್ಲಿ ಮಗು ಚೆನ್ನಾಗಿ ಕಲಿಯುತ್ತದೆ ಎಂಬುದು ಒಂದು ಪ್ರಶ್ನೆ. ಅದನ್ನು ತೀರ್ಮಾನಿಸುವ ಅಧಿಕಾರ ಯಾರದು ಎಂಬುದು ಬೇರೆಯೇ ಪ್ರಶ್ನೆ. ನ್ಯಾಯಾಲಯವು ಮುಖ್ಯವಾಗಿ ಉತ್ತರಿಸಿದುದು ಎರಡನೆಯದಕ್ಕೆ.

4. ಕೂಡಿಸುವ ಕಾರ್ಯ

ಮೇಲಿನ ಐದು ಉತ್ತರಗಳನ್ನು ಒಂದರ ಕೆಳಗೊಂದು ಬರೆದಿಟ್ಟ ಮಾತ್ರಕ್ಕೆ ಶಿಕ್ಷಣಶಾಸ್ತ್ರದ ಅಧ್ಯಯನವಾಗಲಿಲ್ಲ. ಮನಶ್ಶಾಸ್ತ್ರಜ್ಞನು ಮಗುವಿನ ಕಲಿಕೆಯನ್ನು ನೋಡುತ್ತಾನೆ. ಅರ್ಥಶಾಸ್ತ್ರಜ್ಞನು ಕುಟುಂಬದ ಆಯ್ಕೆಯನ್ನು ನೋಡುತ್ತಾನೆ. ನ್ಯಾಯವೇತ್ತನು ಹಕ್ಕನ್ನು ನೋಡುತ್ತಾನೆ. ಒಬ್ಬೊಬ್ಬನ ಪ್ರಮಾಣವೂ ತನ್ನ ಎಲ್ಲೆಯೊಳಗೆ ಸಾಧು. ಎಲ್ಲೆ ಮೀರಿದಾಗ ದೋಷವುಂಟಾಗುತ್ತದೆ. ಪ್ರಯೋಗದ ಫಲದಿಂದ ನೇರವಾಗಿ ಕಾನೂನಿಗೆ ಹಾರುವುದು ಒಂದು ದೋಷ. ನ್ಯಾಯಾಲಯದ ತೀರ್ಪನ್ನು ಇಂಗ್ಲಿಷು ಮಾಧ್ಯಮದ ಶೈಕ್ಷಣಿಕ ಶ್ರೇಷ್ಠತೆಗೆ ಪ್ರಮಾಣವೆಂದು ತಿಳಿಯುವುದು ಇನ್ನೊಂದು. ಯಾವ ಪ್ರಮಾಣ ಯಾವ ಪ್ರಶ್ನೆಗೆ ಸಲ್ಲುತ್ತದೆಂಬ ವಿವೇಕವೇ ಈ ಉಪವಿಷಯವು ಕೊಡಬಹುದಾದ ಮುಖ್ಯ ಫಲ.

ಇದರಲ್ಲಿ ಅಪಾಯವೂ ಉಂಟು. ಹಲವು ಶಾಸ್ತ್ರಗಳಿಂದ ಚೂರುಗಳನ್ನು ಆಯ್ದು ಹೆಸರುಗಳನ್ನೂ ವಾದಗಳನ್ನೂ ಕಂಠಪಾಠಮಾಡಿಸಿದರೆ ವಿದ್ಯಾರ್ಥಿಗೆ ಯಾವುದರಲ್ಲಿಯೂ ನೆಲೆ ಸಿಕ್ಕುವುದಿಲ್ಲ. ಇದಕ್ಕೆ ಪರಿಹಾರವು ಉಪವಿಷಯವೆಂಬ ವ್ಯವಸ್ಥೆಯಲ್ಲಿಯೇ ಅಡಗಿದೆ. ಪ್ರಧಾನ ವಿಷಯವೊಂದರಲ್ಲಿ ಗಟ್ಟಿಯಾಗಿ ನಿಂತವನು ಮಾತ್ರ ಅಲ್ಲಿಂದ ಕೈನೀಡಿ ಇತರ ಶಾಸ್ತ್ರಗಳನ್ನು ಮುಟ್ಟಬಲ್ಲನು.

ಗಣಿತದ ವಿದ್ಯಾರ್ಥಿಯನ್ನೇ ತೆಗೆದುಕೊಳ್ಳೋಣ. ಕನ್ನಡದ ‘ಹದಿಮೂರು’ ಎಂಬ ಪದದಲ್ಲಿ ಹತ್ತು ಮೊದಲು, ಮೂರು ಆಮೇಲೆ; ಬರೆಯುವ ಅಂಕಿಗಳ ಕ್ರಮವೂ ಅದೇ. ಇಂಗ್ಲಿಷಿನ ‘ಥರ್ಟೀನ್’ ಎಂಬಲ್ಲಿ ಕ್ರಮವು ತಿರುವುಮುರುವು. ಉರ್ದುವಿನಲ್ಲಿ ನೂರರೊಳಗಿನ ಸಂಖ್ಯೆಗಳ ಹೆಸರುಗಳನ್ನು ಬಹುಮಟ್ಟಿಗೆ ಒಂದೊಂದಾಗಿಯೇ ನೆನಪಿಡಬೇಕು. ಹಾಗಾದರೆ ಸ್ಥಾನಬೆಲೆಯ ಪಾಠದಲ್ಲಿ ಈ ಮೂರು ಮಾಧ್ಯಮಗಳ ಮಕ್ಕಳು ಒಂದೇ ಬಗೆಯ ತಪ್ಪುಗಳನ್ನು ಮಾಡುತ್ತಾರೆಯೇ? ಇದು ಗಣಿತದ ಪ್ರಶ್ನೆಯೂ ಹೌದು, ಭಾಷಾಶಾಸ್ತ್ರದ ಪ್ರಶ್ನೆಯೂ ಹೌದು; ಸಮೀಪದ ಶಾಲೆಯಲ್ಲಿ ಮಕ್ಕಳ ಲೆಕ್ಕದ ಪುಸ್ತಕಗಳನ್ನು ನೋಡಿ ಪದವಿ ವಿದ್ಯಾರ್ಥಿಯೂ ವಿಚಾರಿಸಬಹುದಾದ ಪ್ರಶ್ನೆ. ಈ ವಿಚಾರಣೆಯಿಂದ ಅವನ ಗಣಿತಜ್ಞಾನವೂ ಆಳವಾಗುತ್ತದೆ. ಸ್ಥಾನಬೆಲೆಯನ್ನು ತಾನು ತಿಳಿದಿದ್ದೇನೆಂದುಕೊಂಡವನು ಅದು ಎಷ್ಟು ಸೂಕ್ಷ್ಮವಾದ ಕಲ್ಪನೆಯೆಂದು ಆಗ ಕಾಣುತ್ತಾನೆ.

5. ಪಠ್ಯಕ್ರಮದ ಒಂದು ರೂಪರೇಖೆ

24 ಕ್ರೆಡಿಟುಗಳೆಂದರೆ ನಾಲ್ಕು ನಾಲ್ಕು ಕ್ರೆಡಿಟುಗಳ ಆರು ಪತ್ರಿಕೆಗಳು. ಅವುಗಳಲ್ಲಿ ಮೊದಲನೆಯದು ಮೇಲೆ ತೋರಿಸಿದಂಥ ಒಂದೇ ಪ್ರಶ್ನೆಯ ಸುತ್ತ ರಚಿತವಾಗಲಿ. ಎರಡನೆಯದು ಶಿಕ್ಷಣದ ಇತಿಹಾಸ ಮತ್ತು ತತ್ತ್ವಕ್ಕೂ, ಮೂರನೆಯದು ಕಲಿಕೆಯ ಮನಶ್ಶಾಸ್ತ್ರಕ್ಕೂ, ನಾಲ್ಕನೆಯದು ಸಮಾಜ, ಅರ್ಥವ್ಯವಸ್ಥೆ, ಕಾನೂನುಗಳಿಗೂ ಮೀಸಲಾಗಲಿ. ಐದನೆಯದು ಶಾಲೆಗೆ ಹೋಗಿ ಕ್ರಮಬದ್ಧವಾಗಿ ಅವಲೋಕಿಸಿ ದಾಖಲಿಸುವ ಅಭ್ಯಾಸವಾಗಿರಲಿ. ಆರನೆಯದರಲ್ಲಿ ವಿದ್ಯಾರ್ಥಿಯು ತನ್ನ ಪ್ರಧಾನ ವಿಷಯಕ್ಕೂ ಶಿಕ್ಷಣಕ್ಕೂ ಸಂಬಂಧಿಸಿದ ಕಿರುಪ್ರಬಂಧವೊಂದನ್ನು ಬರೆಯಲಿ. ಅದನ್ನು ಎರಡೂ ವಿಭಾಗಗಳ ಅಧ್ಯಾಪಕರು ಕೂಡಿ ಪರೀಕ್ಷಿಸಲಿ. ಈ ಕಡೆಯ ನಿಯಮವು ಸಣ್ಣದಾಗಿ ಕಂಡರೂ ಅದಿಲ್ಲದಿದ್ದರೆ ಶಾಸ್ತ್ರಗಳನ್ನು ಕೂಡಿಸುವ ಹೊರೆಯೆಲ್ಲ ವಿದ್ಯಾರ್ಥಿಯೊಬ್ಬನ ಮೇಲೆಯೇ ಬೀಳುತ್ತದೆ. ಅಧ್ಯಾಪಕರು ತಾವು ಮಾಡದುದನ್ನು ಅವನಿಂದ ಅಪೇಕ್ಷಿಸಿದಂತಾಗುತ್ತದೆ.

ಈ ಉಪವಿಷಯವನ್ನು ಓದಿದವರಲ್ಲಿ ಕೆಲವರು ಉಪಾಧ್ಯಾಯರಾದಾರು. ಹೆಚ್ಚಿನವರು ಬೇರೆ ವೃತ್ತಿಗಳನ್ನು ಹಿಡಿದಾರು. ಆದರೆ ಅವರಲ್ಲಿ ಬಹುಮಂದಿ ತಂದೆತಾಯಿಗಳಾಗುತ್ತಾರೆ, ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲೋ ಗ್ರಾಮ ಪಂಚಾಯಿತಿಯಲ್ಲೋ ಕುಳಿತುಕೊಳ್ಳುತ್ತಾರೆ. ಮಗುವನ್ನು ಯಾವ ಶಾಲೆಗೆ ಸೇರಿಸಬೇಕು, ಊರಿನ ಶಾಲೆಯನ್ನು ಉಳಿಸಿಕೊಳ್ಳಬೇಕೆ, ಯಾವ ಭಾಷೆಯನ್ನು ಎಂದಿನಿಂದ ಕಲಿಸಬೇಕು ಎಂಬ ಪ್ರಶ್ನೆಗಳು ಅವರ ಮುಂದೆ ಬಂದೇ ಬರುತ್ತವೆ. ಆಗ ತಮ್ಮದೇ ಶಾಲೆಯ ನೆನಪೊಂದನ್ನೇ ಪ್ರಮಾಣವಾಗಿ ಹಿಡಿಯದೆ, ಈ ಮಾತಿಗೆ ಆಧಾರವೇನು, ಇದು ಯಾವ ಮಕ್ಕಳಿಗೆ ಅನ್ವಯಿಸುತ್ತದೆ, ತೀರ್ಮಾನಿಸತಕ್ಕವರು ಯಾರು ಎಂದು ಅವರು ಕೇಳಬಲ್ಲವರಾದರೆ, ಕಾಲೇಜಿನಲ್ಲಿ ಈ ವಿಷಯಕ್ಕೆ ಕೊಟ್ಟ ಕಾಲವು ಸಾರ್ಥಕವಾಯಿತೆಂದು ಹೇಳಬಹುದು.