ಕಡಲಿನ ಆಳ ಅಳೆಯುವವರ ಶಿಕ್ಷಣ

ಅಂಬಿಕಾನಗರದ ಕಡೆ ಮಳೆಗಾಲ ಬಂತೆಂದರೆ ಸೂಪಾ ಜಲಾಶಯದ ಮಟ್ಟ ಎಷ್ಟಾಯಿತು ಎಂಬುದೇ ಮಾತು. ಗರಿಷ್ಠ ಮಟ್ಟ 564 ಮೀಟರ್. ಇದು ನೀರಿನ ಆಳವಲ್ಲ, ಸರಾಸರಿ ಸಮುದ್ರಮಟ್ಟದಿಂದ ನೀರಿನ ಮೇಲ್ಮೈ ಇರುವ ಎತ್ತರ ಎಂಬುದನ್ನು ನೀವು ಬಲ್ಲಿರಿ. ಅಣೆಕಟ್ಟಿನ ಎತ್ತರವೇ 101 ಮೀಟರ್. ಇದೇ ಕಾಳಿ ನದಿ ನಾಗಝರಿ, ಕೊಡಸಳ್ಳಿ, ಕದ್ರಾಗಳನ್ನು ದಾಟಿ ಸದಾಶಿವಗಡದ ಬಳಿ ಅರಬ್ಬೀ ಸಮುದ್ರ ಸೇರುವಲ್ಲಿ ಲೆಕ್ಕದ ದಿಕ್ಕು ಬದಲಾಗುತ್ತದೆ. ಅಲ್ಲಿ ಹಡಗಿನ ಕಪ್ತಾನನಿಗೆ ಬೇಕಾದದ್ದು ಹಡಗಿನ ಅಡಿಗೂ ಕಡಲ ತಳಕ್ಕೂ ನಡುವೆ ಎಷ್ಟು ನೀರಿದೆ ಎಂಬ ಮಾಹಿತಿ. ಅದನ್ನು ತಿಳಿಸುವುದು ನೌಕಾನಕ್ಷೆ. ಆ ನಕ್ಷೆಗಾಗಿ ಅಳೆಯುವವನು ಹೈಡ್ರೋಗ್ರಾಫರ್.

ಆಳವನ್ನು ಯಾವ ಮಟ್ಟದಿಂದ ಅಳೆಯಬೇಕು? ಸರಾಸರಿ ಸಮುದ್ರಮಟ್ಟವನ್ನು ಸೊನ್ನೆಯೆಂದು ಹಿಡಿದರೆ ಹೆಚ್ಚುಕಡಿಮೆ ಅರ್ಧ ಹೊತ್ತು ನೀರು ಅದಕ್ಕಿಂತ ಕೆಳಗೇ ಇರುತ್ತದೆ. ನಕ್ಷೆಯನ್ನು ನಂಬಿದ ಹಡಗು ಇಳಿತದ ವೇಳೆ ತಳ ಮುಟ್ಟಬಹುದು. ಆದ್ದರಿಂದ ನೀರು ಸಾಮಾನ್ಯವಾಗಿ ಇಳಿಯಬಹುದಾದ ಅತಿ ಕೆಳಗಿನ ಮಟ್ಟವನ್ನೇ ಸೊನ್ನೆಯಾಗಿ ಹಿಡಿಯುವುದು ರೂಢಿ. ಭಾರತದ ಬಂದರುಗಳಿಗಾಗಿ ಇಂಥದೊಂದು ಮಟ್ಟವನ್ನು ಸೂಚಿಸಿದವನು ಜೀವವಿಕಾಸದ ಚಾರ್ಲ್ಸ್ ಡಾರ್ವಿನ್ನನ ಮಗ ಜಾರ್ಜ್ ಡಾರ್ವಿನ್. ಸೂರ್ಯ ಚಂದ್ರರಿಂದ ಉಂಟಾಗುವ ನಾಲ್ಕು ಮುಖ್ಯ ಉಬ್ಬರ ಘಟಕಗಳ ಪಾರಗಳನ್ನು ಕೂಡಿಸಿ, ಆ ಮೊತ್ತವನ್ನು ಸರಾಸರಿ ಮಟ್ಟದಿಂದ ಕಳೆಯುವುದು ಆತನ ವಿಧಾನ. ಕಾರವಾರದಲ್ಲಿ ಉಬ್ಬರವಿಳಿತದ ಅಂತರ ಸುಮಾರು 2 ಮೀಟರ್. ಖಂಭಾತ್ ಕೊಲ್ಲಿಯ ಭಾವನಗರದಲ್ಲಿ 10 ಮೀಟರಿನ ಆಸುಪಾಸು. ಒಂದೇ ಬಂದರಿನ ಪದ್ಧತಿಯನ್ನು ಬಾಯಿಪಾಠ ಮಾಡಿದವನು ಇನ್ನೊಂದು ಬಂದರಿಗೆ ಹೋದರೆ ಏನಾದೀತೆಂದು ಊಹಿಸಿ.

ಇನ್ನು ಅಳತೆಯ ವಿಷಯ. ದೋಣಿಯಿಂದ ಧ್ವನಿಯ ಮಿಡಿತವನ್ನು ಕೆಳಕ್ಕೆ ಕಳಿಸಿ, ಅದು ತಳಕ್ಕೆ ತಾಗಿ ಮರಳಲು ಹಿಡಿದ ಕಾಲದಿಂದ ಆಳವನ್ನು ತಿಳಿಯುತ್ತಾರೆ. ನೋಡಲು ಸುಲಭ. ಆದರೆ ಧ್ವನಿಯ ವೇಗ ಎಲ್ಲ ನೀರಿನಲ್ಲೂ ಒಂದೇ ಅಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರಿನಲ್ಲಿ ಅದು ಸೆಕೆಂಡಿಗೆ ಸುಮಾರು 1497 ಮೀಟರ್, ಕಡಲ ನೀರಿನಲ್ಲಿ ಸುಮಾರು 1534 ಮೀಟರ್. ಮಳೆಗಾಲದ ನದೀಮುಖದಲ್ಲಿ ಮೇಲೆ ಸಿಹಿನೀರು, ಕೆಳಗೆ ಉಪ್ಪುನೀರು. ಕಡಲಿಗೆ ಹೊಂದಿಸಿದ ಉಪಕರಣವನ್ನು ಹಾಗೆಯೇ ಸಿಹಿನೀರಿನಲ್ಲಿ ಬಳಸಿದಿರಿ ಎನ್ನೋಣ. ನಿಜವಾಗಿ 20 ಮೀಟರ್ ಇರುವಲ್ಲಿ ಅದು 20.5 ಮೀಟರ್ ತೋರಿಸುತ್ತದೆ. ಅಂದರೆ ಇಲ್ಲದ ಅರ್ಧ ಮೀಟರ್ ನೀರನ್ನು ಇದೆಯೆಂದು ಹೇಳುತ್ತದೆ. ತಪ್ಪು ಅಪಾಯದ ಕಡೆಗೇ ವಾಲಿದೆ ಎಂಬುದನ್ನು ಗಮನಿಸಿ. ಹಡಗಿನ ತಳಕ್ಕೂ ನೆಲಕ್ಕೂ ಅಂತರ ಕಡಿಮೆಯಿರುವ ಬಂದರು ಕಾಲುವೆಗಳಿಗೆ ಅಂತರರಾಷ್ಟ್ರೀಯ ಮಾನಕ ಎಸ್-44 ವಿಧಿಸುವ ‘ವಿಶೇಷ ದರ್ಜೆ’ಯಲ್ಲಿ 20 ಮೀಟರ್ ಆಳಕ್ಕೆ ಅನುಮತಿಯಿರುವ ಅನಿಶ್ಚಿತತೆ 0.29 ಮೀಟರ್ ಮಾತ್ರ. ಈ ಒಂದೇ ಮರೆವು ಇಡೀ ಸರ್ವೆಯನ್ನು ಅನರ್ಹಗೊಳಿಸಲು ಸಾಕು.

ಈ ಮಾನಕವನ್ನು ಹೊರಡಿಸುವುದು 1921ರಲ್ಲಿ ಮೊನಾಕೋದಲ್ಲಿ ಆರಂಭವಾದ ಅಂತರರಾಷ್ಟ್ರೀಯ ಹೈಡ್ರೋಗ್ರಫಿ ಸಂಸ್ಥೆ. ಭಾರತವೂ ಅದರ ಸದಸ್ಯ. ಹಡಗುಗಳು ಎಲ್ಲ ದೇಶಗಳ ನೀರಿನಲ್ಲೂ ಓಡಾಡುವುದರಿಂದ ಅಳೆಯುವವರ ಅರ್ಹತೆಗೂ ಒಂದು ಸಮಾನ ಅಳತೆಗೋಲು ಬೇಕಾಯಿತು. ಭೂಮಾಪಕರ ಮತ್ತು ನಕ್ಷಾಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಂಘಗಳೊಡನೆ ಸೇರಿದ ಒಂದು ಮಂಡಳಿ ಜಗತ್ತಿನ ಶಿಕ್ಷಣ ಕೋರ್ಸುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತದೆ. ಸರ್ವೆ ಮಾಡುವವರಿಗೆ ಎಸ್-5, ನಕ್ಷೆ ರಚಿಸುವವರಿಗೆ ಎಸ್-8. ಪ್ರತಿಯೊಂದರಲ್ಲೂ ‘ಎ’ ಮತ್ತು ‘ಬಿ’ ಎಂಬ ಎರಡು ವರ್ಗ. ‘ಬಿ’ ಪಡೆದವನು ದೋಣಿ, ಉಪಕರಣ, ದತ್ತಾಂಶಗಳನ್ನು ಸಮರ್ಥವಾಗಿ ನಿಭಾಯಿಸುತ್ತಾನೆ. ‘ಎ’ ಪಡೆದವನು ಸರ್ವೆಯನ್ನು ಯೋಜಿಸಿ, ಬಂದ ಅಂಕಿಗಳನ್ನು ಒಪ್ಪಬೇಕೋ ತಿರಸ್ಕರಿಸಬೇಕೋ ಎಂಬ ಹೊಣೆ ಹೊರುತ್ತಾನೆ. ವೃತ್ತಿಯ ಮೆಟ್ಟಿಲುಗಳು ಇವೇ. ಬಂದರು ಮತ್ತು ಹೂಳೆತ್ತುವ ಕಾಮಗಾರಿಗಳಲ್ಲಿ, ತೈಲ ಸಂಸ್ಥೆಗಳಲ್ಲಿ ನಿಮ್ಮ ವಿಶ್ವವಿದ್ಯಾಲಯದ ಹೆಸರಿಗಿಂತ ಈ ವರ್ಗದ ಅಕ್ಷರಕ್ಕೆ ಹೆಚ್ಚು ಬೆಲೆ.

ಅಂತರರಾಷ್ಟ್ರೀಯ ಶಿಕ್ಷಣಕ್ಕೆ ವಿದೇಶಕ್ಕೇ ಹೋಗಬೇಕೆಂದಿಲ್ಲ. ಕಾರವಾರದಿಂದ ಕೆಲವೇ ಗಂಟೆಯ ದಾರಿಯಲ್ಲಿ, ಗೋವಾದಲ್ಲಿ, ನೌಕಾಪಡೆ ನಡೆಸುವ ರಾಷ್ಟ್ರೀಯ ಹೈಡ್ರೋಗ್ರಫಿ ಶಿಕ್ಷಣ ಸಂಸ್ಥೆಗೆ ಈ ಮಾನ್ಯತೆ ಇದೆ; ಏಷ್ಯಾ, ಆಫ್ರಿಕಾ ದೇಶಗಳವರೂ ಅಲ್ಲಿಗೆ ಕಲಿಯಲು ಬರುತ್ತಾರೆ. ನಕ್ಷೆಗಳು ಹೊರಬರುವುದು ಮಾತ್ರ ಕಡಲೇ ಇಲ್ಲದ ಡೆಹ್ರಾಡೂನಿನ ರಾಷ್ಟ್ರೀಯ ಹೈಡ್ರೋಗ್ರಫಿ ಕಚೇರಿಯಿಂದ!

ಹೊರದೇಶದ ಅವಕಾಶಗಳೂ ಇವೆ. ಜಪಾನಿನ ನಿಪ್ಪಾನ್ ಪ್ರತಿಷ್ಠಾನದ ನೆರವಿನಿಂದ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲಿ 2004ರಿಂದ ವರ್ಷಾವಧಿಯ ಸಾಗರತಳ ನಕ್ಷೆ ಶಿಕ್ಷಣ ನಡೆಯುತ್ತಿದೆ. ಇಂಗ್ಲೆಂಡಿನ ಟಾಂಟನ್‌ನಲ್ಲಿ 2009ರಲ್ಲಿ ನಕ್ಷಾರಚನೆಯ ‘ಬಿ’ ವರ್ಗದ ತರಬೇತಿ ಆರಂಭವಾಯಿತು. ನ್ಯೂ ಹ್ಯಾಂಪ್‌ಶೈರಿನಲ್ಲಿ ಕಲಿತ ಹಲವು ದೇಶಗಳ ಹಳೆಯ ವಿದ್ಯಾರ್ಥಿಗಳು ಒಂದು ತಂಡ ಕಟ್ಟಿ, ಆಳಸಾಗರವನ್ನು ಮಾನವರಹಿತವಾಗಿ ನಕ್ಷೆ ಮಾಡುವ ಎಕ್ಸ್‌ಪ್ರೈಜ್ ಸ್ಪರ್ಧೆಯನ್ನು 2019ರಲ್ಲಿ ಗೆದ್ದರು. ಬಹುಮಾನ 40 ಲಕ್ಷ ಡಾಲರ್. ಇಂಥ ಕೋರ್ಸಿನಲ್ಲಿ ಪಾಠದಷ್ಟೇ ಮುಖ್ಯವಾಗಿ ಸಿಗುವುದು ಸಹಪಾಠಿಗಳು ಎಂದು ನನಗನ್ನಿಸುತ್ತದೆ. ನೆರೆದೇಶದ ಕಚೇರಿಯಲ್ಲಿ ಯಾರನ್ನು ಕೇಳಬೇಕು ಎಂಬುದು ತಿಳಿದಿದ್ದರೆ ಗಡಿಯ ನೀರಿನ ಎಷ್ಟೋ ಗೊಂದಲಗಳು ಬೇಗ ಬಗೆಹರಿಯುತ್ತವೆ. ಕೆಲಸಕ್ಕಂತೂ ಕೊರತೆಯಿಲ್ಲ: 2025ರ ಜೂನ್ ವೇಳೆಗೆ ಜಗತ್ತಿನ ಸಾಗರತಳದಲ್ಲಿ ಆಧುನಿಕ ವಿಧಾನದಿಂದ ನಕ್ಷೆಯಾದದ್ದು ಶೇಕಡಾ 27.3 ಮಾತ್ರ.

ಒಮ್ಮೆ ಕಲಿತದ್ದು ಜೀವಮಾನಕ್ಕೆ ಸಾಲುವುದೂ ಇಲ್ಲ. ಕಾಗದದ ನಕ್ಷೆಯ ಜಾಗಕ್ಕೆ ವಿದ್ಯುನ್ಮಾನ ನಕ್ಷೆ ಬಂತು. ದೊಡ್ಡ ಹಡಗುಗಳಿಗೆ ಅದು 2012ರಿಂದ 2018ರೊಳಗೆ ಹಂತಹಂತವಾಗಿ ಕಡ್ಡಾಯವಾಯಿತು. ಹೊಸ ಎಸ್-100 ವ್ಯವಸ್ಥೆಯ ಉಪಕರಣಗಳಿಗೆ 2026ರ ಜನವರಿಯಿಂದ ಅವಕಾಶ ದೊರೆತಿದೆ. 2029ರಿಂದ ಹೊಸದಾಗಿ ಅಳವಡಿಸುವ ಉಪಕರಣಗಳೆಲ್ಲ ಅದರಂತೆಯೇ ಇರಬೇಕು. ಕೈಬರಹ ಚೆನ್ನಾಗಿದ್ದ ನಕ್ಷೆಗಾರ ಈಗ ದತ್ತಾಂಶಕೋಶ ಬಲ್ಲವನಾಗಬೇಕು.

ಮತ್ತೆ ಕಾಳಿಗೆ ಬರೋಣ. ಕೊಡಸಳ್ಳಿ ಅಣೆಕಟ್ಟಿನಿಂದ ಸಮುದ್ರದವರೆಗಿನ ಕಾಳಿಯನ್ನು 2016ರ ಕಾಯ್ದೆ ರಾಷ್ಟ್ರೀಯ ಜಲಮಾರ್ಗ 52 ಎಂದು ಘೋಷಿಸಿದೆ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರ-ಸದಾಶಿವಗಡ ನಡುವಿನ ಹಳೆಯ ಸೇತುವೆ ಇದೇ ನದಿಗೆ ಕುಸಿದು ಬಿತ್ತು. ಹೀಗೆ ಕಾಂಕ್ರೀಟು, ಕಬ್ಬಿಣ ಬಿದ್ದ ಕಡೆ ಹಿಂದಿನ ಆಳದ ಅಂಕಿಗಳನ್ನು ನಂಬುವಂತಿಲ್ಲ. ಅಲ್ಲಿ ತಳದ ಪ್ರತಿ ಮೀಟರನ್ನೂ ಬಹುಕಿರಣ ಸೋನಾರಿನಿಂದ ಹೊಸದಾಗಿ ನೋಡಬೇಕು. ಜಲಾಶಯಗಳಲ್ಲಿ ಹೂಳು ಎಷ್ಟು ತುಂಬಿದೆ ಎಂದು ತಿಳಿಯಲೂ ಇದೇ ಪ್ರತಿಧ್ವನಿ ಮಾಪಕ, ಇದೇ ಲೆಕ್ಕ. ಅಂಬಿಕಾನಗರದ ವಿದ್ಯಾರ್ಥಿಗೆ ಈ ವಿದ್ಯೆಯ ಮೊದಲ ಪಾಠಕ್ಕೆ ಕಡಲೇ ಬೇಕೆಂದಿಲ್ಲ. ಗಣಿತ, ಭೌತವಿಜ್ಞಾನಗಳಲ್ಲಿ ಗಟ್ಟಿಯಾದ ಪದವಿ ಇದ್ದರೆ ಮುಂದಿನದನ್ನು ಗೋವಾದಲ್ಲೋ ಟಾಂಟನ್ನಿನಲ್ಲೋ ಕಲಿಯಬಹುದು.