ಹಡಗಿನ ಹಗ್ಗ, ನಾವಿಕನ ಗಂಟು

ಬಾವಿಯಿಂದ ನೀರು ಸೇದಿ ಬಲ್ಲವರಿಗೆಲ್ಲ ಒಂದು ವಿಷಯ ಗೊತ್ತು. ಕೊಡದ ಕಂಠಕ್ಕೆ ಹಾಕಿದ ಕುಣಿಕೆ ಸರಿಯಾಗಿಲ್ಲದಿದ್ದರೆ ಹಗ್ಗವೊಂದೇ ಮೇಲೆ ಬರುತ್ತದೆ. ಕೊಡ ತಳ ಸೇರುತ್ತದೆ. ಆಮೇಲೆ ಪಾತಾಳಗರಡಿಯನ್ನು ಕೇಳಿಕೊಂಡು ನೆರೆಮನೆಗೆ ಹೋಗಬೇಕು. ನಮಗೆ ಇದು ಒಂದು ಗಳಿಗೆಯ ಪೇಚಾಟ, ಅಷ್ಟೆ. ಆದರೆ ಹಾಯಿಹಡಗುಗಳ ಕಾಲದಲ್ಲಿ ಸಡಿಲವಾದ ಗಂಟಿನಿಂದ ತಳ ಸೇರುತ್ತಿದ್ದುದು ಕೊಡವಲ್ಲ, ಮನುಷ್ಯ. ಆ ಕಾಲದ ನಾವಿಕರು ಗಂಟು ಹಾಕುವುದನ್ನು ಒಂದು ವಿದ್ಯೆಯೆಂದೇ ಬಗೆದು, ಕೊನೆಗೆ ಅದನ್ನು ಒಂದು ಕಲೆಯ ಮಟ್ಟಕ್ಕೆ ಏರಿಸಿದುದು ಏಕೆಂಬುದು ಇದರಿಂದಲೇ ತಿಳಿಯುತ್ತದೆ.

ಲಂಡನ್ನಿನ ಗ್ರೀನಿಚ್ಚಿನಲ್ಲಿ ‘ಕಟಿ ಸಾರ್ಕ್’ ಎಂಬ ಹಡಗನ್ನು ನೋಡುಗರಿಗಾಗಿ ಕಾಪಾಡಿ ಇಟ್ಟಿದ್ದಾರೆ. 1869ರಲ್ಲಿ ಕಟ್ಟಿದ ಈ ಹಡಗು ಚೀನಾದಿಂದ ಚಹಾ ಹೊತ್ತು ತರುತ್ತಿತ್ತು. ಇದರ ನಡುಗಂಬದ ಎತ್ತರ ಸುಮಾರು 46 ಮೀಟರು. ಹಾಯಿಗಳನ್ನೂ ಕಂಬಗಳನ್ನೂ ಹಿಡಿದಿಟ್ಟ ಹಗ್ಗಗಳ ಉದ್ದ ಸುಮಾರು 11 ಮೈಲಿ! ಬಿರುಗಾಳಿಯ ನಡುರಾತ್ರಿಯಲ್ಲಿ ಹಾಯಿ ಸುತ್ತಬೇಕಾದರೆ ನಾವಿಕನು ಕಂಬವೇರಿ, ಅಡ್ಡತೊಲೆಯ ಕೆಳಗೆ ಕಟ್ಟಿದ ಒಂದೇ ಹಗ್ಗದ ಮೇಲೆ ಕಾಲೂರಿ, ಹೊಟ್ಟೆಯನ್ನು ತೊಲೆಗೆ ಒತ್ತಿಕೊಂಡು, ಎರಡು ಕೈಗಳಿಂದಲೂ ಒದ್ದೆ ಹಾಯಿಯೊಡನೆ ಹೋರಾಡಬೇಕಾಗಿತ್ತು. ಆ ಕಾಲುಹಗ್ಗವನ್ನು ಹೆಣೆದವನು ಯಾರೋ. ಅದರ ಮೇಲೆ ನಿಂತವನು ಇನ್ನಾರೋ. ಒಬ್ಬನ ಕೈಕೆಲಸದ ಮೇಲೆ ಮತ್ತೊಬ್ಬನ ಪ್ರಾಣ ನಿಂತಿತ್ತು.

ಹಗ್ಗಕ್ಕೆ ಬಲ ಬರುವುದು ಹೇಗೆ? ನಾರನ್ನು ಒಂದು ಕಡೆಗೆ ಹೊಸೆದರೆ ನೂಲು. ಹಲವು ನೂಲುಗಳನ್ನು ಅದಕ್ಕೆ ವಿರುದ್ಧವಾಗಿ ಹೊಸೆದರೆ ಎಳೆ. ಮೂರು ಎಳೆಗಳನ್ನು ಮತ್ತೆ ಮೊದಲಿನ ಕಡೆಗೆ ಹೊಸೆದರೆ ಹಗ್ಗ. ಒಂದು ಹೊಸೆತ ಬಿಚ್ಚಿಕೊಳ್ಳಲು ಹೊರಟರೆ ಇನ್ನೊಂದು ಬಿಗಿಯುತ್ತದೆ. ಹೀಗೆ ಒಂದನ್ನೊಂದು ತಡೆಯುವುದರಿಂದಲೇ ಹಗ್ಗ ಹಗ್ಗವಾಗಿ ಉಳಿಯುತ್ತದೆ. ಗಂಟಿನ ಗುಟ್ಟೂ ಇದಕ್ಕೆ ದೂರವಲ್ಲ. ಅಲ್ಲಿ ಕೆಲಸ ಮಾಡುವುದು ತಿಕ್ಕಾಟ. ಹಗ್ಗವನ್ನು ಗೂಟಕ್ಕೆ ಒಂದೊಂದು ಸುತ್ತು ಹೆಚ್ಚಾಗಿ ಸುತ್ತಿದಂತೆಲ್ಲ ಹಿಡಿತ ಒಂದಕ್ಕೊಂದು ಕೂಡುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ನಾಲ್ಕಾರು ಸುತ್ತು ಹಾಕಿದರೆ ಒಬ್ಬ ಹುಡುಗನೂ ಒಂದು ಹಡಗನ್ನು ತಡೆದು ನಿಲ್ಲಿಸಬಲ್ಲನು.

ಒಳ್ಳೆಯ ಗಂಟಿಗೆ ಎರಡು ಗುಣಗಳು ಬೇಕು. ಭಾರ ಬಿದ್ದಾಗ ಅದು ಜಾರಕೂಡದು. ಕೆಲಸ ಮುಗಿದಮೇಲೆ ಬಿಚ್ಚಲು ಹಟ ಮಾಡಲೂ ಕೂಡದು. ನಮ್ಮ ಜೀರುಗುಣಿಕೆ ಎಳೆದಷ್ಟೂ ಬಿಗಿಯುತ್ತದೆ. ನೀರಿಗೆ ಬಿದ್ದವನ ಸೊಂಟಕ್ಕೆ ಅದನ್ನು ಹಾಕಿ ಎಳೆಯುವಂತಿಲ್ಲ. ಅಲ್ಲಿಗೆ ಬೇಕಾದುದು ‘ಬೋಲೈನ್’ ಎಂಬ ಜಾರದ ಕುಣಿಕೆ. ಮೊಳವೆರಡು ಮೊಳ ಹುರಿಯನ್ನು ಕೈಗೆ ತೆಗೆದುಕೊಳ್ಳಿ. ಮೇಲಣ ಉದ್ದದ ಭಾಗದಲ್ಲಿ, ಕೆಳಗಿನ ಹುರಿ ಮುಂದೆ ಬರುವಂತೆ, ಒಂದು ಸಣ್ಣ ಉಂಗುರ ಮಾಡಿ. ಉಂಗುರ ಬಾವಿ, ಮೇಲೆ ನಿಂತ ಹುರಿ ಮರ, ಕೈಯಲ್ಲಿರುವ ತುದಿ ಕಪ್ಪೆ ಎಂದುಕೊಳ್ಳಿ. ಕಪ್ಪೆ ಬಾವಿಯ ಕೆಳಗಿನಿಂದ ಮೇಲೆ ಬರಲಿ, ಮರದ ಹಿಂದೆ ಸುತ್ತಲಿ, ಮತ್ತೆ ಬಾವಿಗೇ ಇಳಿಯಲಿ. ಈಗ ಎಳೆದು ಬಿಗಿಯಿರಿ. ಕುಣಿಕೆ ಕಿರಿದಾಗುವುದಿಲ್ಲ, ಭಾರ ತೆಗೆದಮೇಲೆ ಬೆರಳಿನಿಂದ ದೂಡಿದರೆ ಬಿಚ್ಚಿಕೊಳ್ಳುತ್ತದೆ.

ರೇಡಿಯೋ ವಾರ್ತೆಯಲ್ಲಿ ಹಡಗಿನ ವೇಗವನ್ನು ‘ಇಷ್ಟು ನಾಟ್’ ಎಂದು ಹೇಳುವುದುಂಟು. ‘ನಾಟ್’ ಎಂದರೆ ಗಂಟೇ. ಹಿಂದೆ ಒಂದು ಹುರಿಗೆ 47 ಅಡಿ 3 ಅಂಗುಲಕ್ಕೊಂದರಂತೆ ಗಂಟು ಹಾಕಿ, ತುದಿಗೆ ಮರದ ಹಲಗೆ ಕಟ್ಟಿ ಸಮುದ್ರಕ್ಕೆ ಬಿಡುತ್ತಿದ್ದರು. ಮರಳು ಗಡಿಯಾರದಲ್ಲಿ 28 ಸೆಕೆಂಡು ಕಳೆಯುವಷ್ಟರಲ್ಲಿ ಎಷ್ಟು ಗಂಟುಗಳು ಕೈಯಿಂದ ಜಾರಿದುವೋ, ಹಡಗು ತಾಸಿಗೆ ಅಷ್ಟು ಸಮುದ್ರಮೈಲಿ ಹೋಗುತ್ತಿದೆ ಎಂದು ಲೆಕ್ಕ. ಹಡಗು ಹೋದರೂ ಮಾತು ಉಳಿಯಿತು!

ಇನ್ನು ಅಲಂಕಾರದ ಗಂಟುಗಳ ಮಾತು. ತಿಮಿಂಗಿಲ ಬೇಟೆಯ ಹಡಗುಗಳು ಮೂರು ನಾಲ್ಕು ವರ್ಷ ಊರಿನ ಮುಖ ನೋಡುತ್ತಿರಲಿಲ್ಲ. ಸಂಜೆ 4ರಿಂದ 8ರವರೆಗಿನ ಪಾಳಿಯನ್ನು ಎರಡೆರಡು ಗಂಟೆಗಳ ಎರಡು ಚಿಕ್ಕ ಪಾಳಿಗಳಾಗಿ ಒಡೆಯುತ್ತಿದ್ದರು. ಆಗ ನಾವಿಕರಿಗೆ ಕೊಂಚ ಬಿಡುವು. ಕೈಯಲ್ಲಿ ಹಣವಿಲ್ಲ, ಹತ್ತಿರದಲ್ಲಿ ಅಂಗಡಿಯಿಲ್ಲ; ಇದ್ದುದೆಂದರೆ ಸವೆದ ಹಗ್ಗದ ತುಂಡು, ಒಂದು ಚಾಕು ಮತ್ತು ಎಳೆಗಳನ್ನು ಅಗಲಿಸಲು ಒಂದು ಮೊನೆಗೂಟ. ಅಷ್ಟರಿಂದಲೇ ಅವರು ತಮ್ಮ ಮರದ ಪೆಟ್ಟಿಗೆಗೆ ಹಿಡಿಗಳನ್ನೂ, ಹಡಗಿನ ಗಂಟೆಗೆ ಜಡೆಯಂಥ ಹಗ್ಗವನ್ನೂ, ಚಾಕುವಿಗೆ ಕೊರಳದಾರವನ್ನೂ ಹೆಣೆದರು. ಅಡಿಗೆಮನೆಯ ನೆಲುವನ್ನು ಅಂದವಾಗಿ ಹೆಣೆದ ನಮ್ಮ ಅಜ್ಜಿಯರು ಈ ಮನಸ್ಸನ್ನು ಚೆನ್ನಾಗಿ ಅರ್ಥಮಾಡಿಕೊಂಡಾರು.

ಆದರೆ ಇದು ಬರಿಯ ಸಿಂಗಾರವೆಂದು ಭಾವಿಸಬೇಡಿ. ಚಾಕುವಿನ ದಾರವನ್ನೇ ನೋಡಿ. ನೂರು ಅಡಿ ಎತ್ತರದಿಂದ ಕೈಜಾರಿದ ಚಾಕು ಕೆಳಗಿದ್ದವನ ತಲೆಗೆ ಮೃತ್ಯು. ದಾರವಿದ್ದರೆ ಅದು ಕೊರಳಲ್ಲೇ ನೇತಾಡುತ್ತದೆ. ಚುಕ್ಕಾಣಿಯ ಚಕ್ರದಲ್ಲಿ ಒಂದು ಅರೆಕಾಲಿಗೆ ಮಾತ್ರ ಜಡೆಯಂಥ ಒಂದು ಬಳೆ ಹೆಣೆದಿರುತ್ತಿದ್ದರು. ಆ ಕಾಲು ನೆಟ್ಟಗೆ ಮೇಲಿದ್ದರೆ ಚುಕ್ಕಾಣಿ ನಡುಮಧ್ಯದಲ್ಲಿದೆ ಎಂದರ್ಥ. ಕಗ್ಗತ್ತಲಲ್ಲಿ ದೀಪವಿಲ್ಲದೆ, ಅಂಗೈಗೆ ತಗಲಿದ ಆ ಗಂಟಿನಿಂದಲೇ ಚುಕ್ಕಾಣಿಗನು ದಿಕ್ಕನ್ನು ತಿಳಿಯುತ್ತಿದ್ದನು.

ಈ ಬಳೆಗಂಟಿಗೆ ‘ಟರ್ಕ್ಸ್ ಹೆಡ್’, ಎಂದರೆ ತುರ್ಕನ ತಲೆ, ಎಂದು ಹೆಸರು; ಅದು ಸುತ್ತಿದ ರುಮಾಲಿನಂತೆ ಕಾಣುತ್ತದೆ. ಹೆಣ್ಣುಮಕ್ಕಳ ಮೂರೆಳೆಯ ಜಡೆಯನ್ನು ಬಗ್ಗಿಸಿ, ತುದಿಯನ್ನು ಬುಡಕ್ಕೆ ಸೇರಿಸಿದಂತೆ ಊಹಿಸಿಕೊಳ್ಳಿ. ವಿಶೇಷವೆಂದರೆ ಇಡೀ ಬಳೆಗೆ ಒಂದೇ ಹುರಿ. ಇದರಲ್ಲೊಂದು ಗಣಿತವೂ ಅಡಗಿದೆ. ಎಳೆಗಳ ಸಂಖ್ಯೆಗೂ ಅಂಚಿನ ಬಾಗುಗಳ ಸಂಖ್ಯೆಗೂ ಒಂದಕ್ಕಿಂತ ದೊಡ್ಡದಾದ ಸಾಮಾನ್ಯ ಭಾಜಕ ಇರಕೂಡದು. ಮೂರು ಎಳೆಗೆ ನಾಲ್ಕು ಬಾಗು ಆಗುತ್ತದೆ, ಐದೂ ಆಗುತ್ತದೆ; ಆರು ಬಾಗುಗಳನ್ನು ಒಂದೇ ಹುರಿಯಿಂದ ಮುಗಿಸಲು ಬ್ರಹ್ಮನಿಂದಲೂ ಆಗದು. ಶಾಲೆಯ ಮೆಟ್ಟಿಲು ಹತ್ತದ ನಾವಿಕನೂ ಈ ನಿಯಮವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದನು.

ಉಗಿಹಡಗುಗಳು ಬಂದಮೇಲೆ ಈ ವಿದ್ಯೆ ಕ್ಷೀಣಿಸಿತು. ಬರೆದಿಟ್ಟವರು ಕಡಿಮೆ, ಕೈಯಿಂದ ಕೈಗೆ ಬಂದುದು ಕೈ ತಪ್ಪಿದರೆ ಹೋಯಿತು. ಅಮೆರಿಕದ ತಿಮಿಂಗಿಲ ಬೇಟೆಯ ಬಂದರಾದ ನ್ಯೂ ಬೆಡ್‌ಫರ್ಡಿನಲ್ಲಿ ಹುಟ್ಟಿದ ಚಿತ್ರಕಾರ ಕ್ಲಿಫರ್ಡ್ ಆಶ್ಲಿ ಈ ನಷ್ಟವನ್ನು ಕಂಡು ಮರುಗಿದನು. 1904ರಲ್ಲಿ ಅವನು ತಾನೇ ಒಂದು ಬೇಟೆಯ ಹಡಗನ್ನೇರಿ ಹೋಗಿದ್ದನು. ಹಳೆಯ ನಾವಿಕರನ್ನು ಕಂಡು, ಕೇಳಿ, ಕಲಿತು, ಹನ್ನೊಂದು ವರ್ಷ ದುಡಿದು, ಒಂದು ದೊಡ್ಡ ಗ್ರಂಥವನ್ನು ಸಿದ್ಧಪಡಿಸಿದನು. 1944ರಲ್ಲಿ ಅಚ್ಚಾದ ಅದರಲ್ಲಿ 3,800ಕ್ಕೂ ಮಿಕ್ಕಿದ ಗಂಟುಗಳಿವೆ, ಸುಮಾರು 7,000 ಚಿತ್ರಗಳಿವೆ. ಮೂರು ವರ್ಷಗಳ ತರುವಾಯ ಅವನು ತೀರಿಕೊಂಡನು. ಆ ಹನ್ನೊಂದು ವರ್ಷ ತಡವಾಗಿದ್ದರೆ ಎಷ್ಟೋ ಗಂಟುಗಳು ಅವುಗಳನ್ನು ಬಲ್ಲ ಮುದುಕರೊಡನೆಯೇ ಹೋಗಿಬಿಡುತ್ತಿದ್ದವು.

ಇಂದಿನ ಹಗ್ಗ ನೈಲಾನು, ಪಾಲಿಯೆಸ್ಟರುಗಳದು. ಅದು ನುಣುಪು, ಆದುದರಿಂದ ಕೆಲವು ಹಳೆಯ ಗಂಟುಗಳಿಗೆ ಇನ್ನೊಂದು ಸುತ್ತು ಬೇಕಾಗುತ್ತದೆ. ಗಂಟು ಬಿದ್ದ ಕಡೆ ಹಗ್ಗ ಬಾಗಿ, ಅದರ ಬಲದಲ್ಲಿ ಸುಮಾರು ಮೂರರಲ್ಲೊಂದು ಪಾಲು ನಷ್ಟವಾಗಬಹುದು. ಎಳೆಗಳನ್ನು ಬಿಚ್ಚಿ ಒಂದರೊಳಗೊಂದು ಹೆಣೆದು ಸೇರಿಸಿದರೆ ನಷ್ಟ ತೀರ ಕಡಿಮೆ. ಹಡಗಿನಿಂದ ದಡಕ್ಕೆ ಎಸೆಯುವ ಹುರಿಯ ತುದಿಗೆ ‘ಕೋತಿಯ ಮುಷ್ಟಿ’ ಎಂಬ ಉಂಡೆಗಂಟನ್ನು ಈಗಲೂ ಹಾಕುತ್ತಾರೆ. ಅದರೊಳಗೆ ಸೀಸವನ್ನೋ ಕಬ್ಬಿಣವನ್ನೋ ತುಂಬುವ ಹಳೆಯ ಚಾಳಿಯನ್ನು ಮಾತ್ರ ಸುರಕ್ಷತೆಯ ನಿಯಮಗಳು ನಿಷೇಧಿಸಿವೆ. ದಡದಲ್ಲಿ ನಿಂತವನಿಗೂ ತಲೆಯೊಂದು ಇದೆಯಲ್ಲವೆ?

ಹಗ್ಗದ ವಿದ್ಯೆಯಲ್ಲಿ ನಮ್ಮ ಕರಾವಳಿಯೂ ಹಿಂದೆ ಬಿದ್ದುದಲ್ಲ. ಪಶ್ಚಿಮ ಸಮುದ್ರದ ಹಡಗುಗಳ ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಹದಿಮೂರನೆಯ ಶತಮಾನದ ಮಾರ್ಕೊ ಪೋಲೊ ಹೊರ್ಮುಜಿನಲ್ಲಿ ಅಂಥ ಹಡಗುಗಳನ್ನು ಕಂಡು, ಉಪ್ಪುನೀರು ಆ ಹುರಿಯನ್ನು ಕೆಡಿಸದೆಂದು ಹೇಳಿದ್ದಾನೆ. ಅದೇ ರೀತಿಯಲ್ಲಿ ಹೊಲಿದು, ಅಜಂತೆಯ ಚಿತ್ರವೊಂದರ ಮಾದರಿಯಲ್ಲಿ ಕಟ್ಟಿದ ‘ಕೌಂಡಿನ್ಯ’ ಹಡಗು 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ಭಾರತೀಯ ನೌಕಾಪಡೆಯನ್ನು ಸೇರಿತು. ಅದನ್ನು ಹೊಲಿದವರು ಕೇರಳದ ಕುಶಲಿಗಳು. ಆ ಕೈಗಳು ಇನ್ನೂ ಇದ್ದುವು. ಆದ್ದರಿಂದ ಹಡಗು ಎದ್ದಿತು.

ಮುಂದೆಂದಾದರೂ ಬಟ್ಟೆಯ ಹಗ್ಗವನ್ನು ಬಿಗಿಯುವಾಗ, ತೊಟ್ಟಿಲಿನ ಹುರಿಗೆ ಗಂಟು ಹಾಕುವಾಗ, ಒಂದು ಕ್ಷಣ ಬೆರಳುಗಳನ್ನು ಗಮನಿಸಿ. ಮನೆಯ ಹಿರಿಯರಿಗೆ ಗೊತ್ತಿರುವ ಕುಣಿಕೆಯೊಂದು ನಿಮಗೆ ಬಾರದಿದ್ದರೆ, ಇಂದೇ ಕೇಳಿ ಕಲಿತುಕೊಳ್ಳಿ.