ಸಾಲು ನಿಲ್ಲದೆ ನೋಡಬಹುದಾದ ಮಲ್ಲಿತಮ್ಮ

ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಗುಡಿಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಸಂತೋಷವೇ. ಆದರೆ ರಜೆಯ ದಿನ ಸೋಮನಾಥಪುರದ ಗುಡಿಯ ಸುತ್ತಲಿನ ಜಗತಿಯ ಮೇಲೆ ನಿಂತು ಒಂದು ವಿಗ್ರಹವನ್ನು ಕಣ್ತುಂಬ ನೋಡುವುದು ಕಷ್ಟ. ಯಾರದೋ ಸೆಲ್ಫಿಗೆ ಅಡ್ಡ ಬಂದೆವೇನೋ ಎಂಬ ಸಂಕೋಚದಲ್ಲೇ ಮುಂದೆ ಸರಿಯಬೇಕು.

ಅಲ್ಲಿ ದುಡಿದ ರೂವಾರಿಗಳಲ್ಲಿ, ಅಂದರೆ ಶಿಲ್ಪಿಗಳಲ್ಲಿ, ಮಲ್ಲಿತಮ್ಮನ ಹೆಸರು ದೊಡ್ಡದು. ಅವನ ಕೈಚಳಕ ನೋಡಬೇಕೆಂದರೆ ಅಲ್ಲಿಗೇ ಹೋಗಬೇಕೆಂದಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಿ. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯವನ್ನು ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು 1246ರಲ್ಲಿ, ಅಂದರೆ ಸೋಮನಾಥಪುರಕ್ಕಿಂತ ಮೊದಲೇ. ಅದರಂತೆ ಇದೂ ಮೂರು ಗರ್ಭಗುಡಿಗಳ ತ್ರಿಕೂಟವೇ: ಕೇಶವ, ವೇಣುಗೋಪಾಲ, ಲಕ್ಷ್ಮೀನರಸಿಂಹ. ಹೊರಗೋಡೆಯ ಕೆಳಸಾಲುಗಳಲ್ಲಿ ಆನೆ, ಕುದುರೆ, ಬಳ್ಳಿ, ಪುರಾಣದ ಕಥೆಗಳು. ಅವುಗಳ ಮೇಲೆ ದೇವತೆಗಳು. ಉತ್ತರದ ಗೋಡೆ ಮಲ್ಲಿತಮ್ಮನದು, ದಕ್ಷಿಣದ್ದು ಬೈಚೋಜನದು ಎನ್ನುತ್ತಾರೆ ಬಲ್ಲವರು. ಒಂದೇ ಗುಡಿಯಲ್ಲಿ ಇಬ್ಬರು ಸಮರ್ಥರ ಕೆಲಸವನ್ನು ಅತ್ತಿತ್ತ ನಡೆದು ಹೋಲಿಸಿ ನೋಡುವ ಸುಖ ಜನಜಂಗುಳಿಯಲ್ಲಿ ಸಿಗುವಂಥದ್ದಲ್ಲ. ಮುಖದ ಭಾವ, ಒಡವೆಯ ಕುಸುರಿ, ನಿಂತ ಭಂಗಿ, ಎಲ್ಲಕ್ಕೂ ಹೊತ್ತು ಬೇಕು. ಗೈಡ್ ಕಾಟವಂತೂ ಇಲ್ಲ.

ಇನ್ನೂ ಕುತೂಹಲವಿದ್ದರೆ ತರೀಕೆರೆ ಬಳಿಯ ಅಮೃತಪುರಕ್ಕೂ ಹೋಗಬಹುದು. 1196ರ ಆ ಅಮೃತೇಶ್ವರ ಗುಡಿಯ ಮಂಟಪದಲ್ಲೂ ಮಲ್ಲಿತಮ್ಮನ ಕೆಲಸವಿದೆಯಂತೆ. ಆ ಗುಡಿಗೂ ಸೋಮನಾಥಪುರದ ಗುಡಿಗೂ ಆರು ದಶಕಗಳಿಗೂ ಹೆಚ್ಚಿನ ಅಂತರ! ಒಬ್ಬನೇ ಅಷ್ಟು ಕಾಲ ಉಳಿ ಹಿಡಿದನೋ, ಅಜ್ಜನ ಹೆಸರು ಹೊತ್ತ ಮೊಮ್ಮಗನೂ ಇದ್ದನೋ ಎಂಬ ಅನುಮಾನ ನನ್ನದು.

ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣನದೇ ಇನ್ನೊಂದು ಗುಡಿಯೂ ಇದೆ, ಸದಾಶಿವನದು. ಗೋಡೆಯಲ್ಲಿ ಮೂರ್ತಿಗಳ ಸಂತೆಯಿಲ್ಲ. ಶಿಖರ ಉತ್ತರ ಭಾರತದ ನಾಗರ ಶೈಲಿಯದು. ನರಸಿಂಹನ ಗುಡಿ ನೋಡಿ ತಲೆ ತುಂಬಿದವರಿಗೆ ಇದೇ ಹೆಚ್ಚು ಹಿಡಿಸಿದರೂ ಆಶ್ಚರ್ಯವಿಲ್ಲ.

ಇಂಥ ಊರುಗಳಿಗೆ ಹೋಗುವಾಗ ಸ್ವಲ್ಪ ಸಿದ್ಧತೆ ಬೇಕು. ಗುಡಿಯ ಬಾಗಿಲು ಹಾಕಿದ್ದರೆ ಅರ್ಚಕರ ಮನೆ ಎಲ್ಲಿ ಎಂದು ಅಕ್ಕಪಕ್ಕದವರನ್ನು ವಿಚಾರಿಸಿ. ಪೂಜೆ ನಡೆಯುವ ಗುಡಿ, ಊಟದ ಹೊತ್ತಿಗೆ ಹೋಗಿ ಅರ್ಚಕರನ್ನು ಎಬ್ಬಿಸಬೇಡಿ. ಊಟವನ್ನು ಚನ್ನರಾಯಪಟ್ಟಣದಲ್ಲೇ ಮುಗಿಸಿಕೊಳ್ಳುವುದು ಕ್ಷೇಮ. ಬಳಪದ ಕಲ್ಲಿನ ಕೆತ್ತನೆಗೆ ಓರೆಬಿಸಿಲು ಬೇಕು, ಹಾಗಾಗಿ ಬೆಳಿಗ್ಗೆ ಇಲ್ಲವೇ ಸಂಜೆ ಅಲ್ಲಿರಿ. ಒಳಗಿನ ಭುವನೇಶ್ವರಿಗಳು, ಅಂದರೆ ಕೆತ್ತನೆಯ ಒಳಮಾಳಿಗೆಗಳು, ಕತ್ತಲಲ್ಲಿರುತ್ತವೆ, ಟಾರ್ಚ್ ಮರೆಯಬೇಡಿ.